ರಘುಪತಿ ಮೇಷ್ಟರು ಕೊಟ್ಟ ಕಾಫಿ

ತಮಿಳುನಾಡಿನ ಮೆಟ್ಟೂರಿನ ಹತ್ತಿರ, ಕೊಳತ್ತೂರಿನ ಆಚೆ, ಪಾಲಮಲೆ ಬೆಟ್ಟದ ಬುಡದಲ್ಲಿದ್ದ ಒಂದು ಹೈಸ್ಕೂಲಿಗೆ ರಘುಪತಿ ಪಿ.ಟಿ. ಮೇಷ್ಟರಾಗಿ ವರ್ಗವಾಗಿ ಬಂದಾಗ ಅವರಿಗೆ ನಲವತ್ತಮೂರು ವರ್ಷ. ಹುಟ್ಟಿ ಬೆಳೆದದ್ದು ಸೇಲಂ ಪೇಟೆಯಲ್ಲಿ. ತಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಅಂಗಡಿಯ ಬೋರ್ಡು ಓದುವಷ್ಟೂ ಬರುತ್ತಿರಲಿಲ್ಲ. ಮೆಟ್ಟೂರಿನಲ್ಲಿ ಬಾಡಿಗೆ ಮನೆ ಹಿಡಿದು, ಹೆಂಡತಿ ಕಮಲಿನಿಯನ್ನೂ ಮಗಳು ತನ್ಮಯಿಯನ್ನೂ ಅಲ್ಲಿ ಬಿಟ್ಟು, ತಾವು ದಿನಾ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಹೆಗಲಿಗೊಂದು ರೆಕ್ಸಿನ್ ಚೀಲ. ಅದರಲ್ಲಿ ವಿಷಲ್ಲು, ಸ್ಟಾಪ್ ವಾಚು, ಒಂದು ಹಸಿರು ಫ್ಲಾಸ್ಕು.

ಫ್ಲಾಸ್ಕಿನಲ್ಲಿ ಕಾಫಿ. ದಿನಕ್ಕೆ ಐದು ಸಲ ಬೇಕು ಅವರಿಗೆ. ಪುಡಿ ಸೇಲಂನಿಂದಲೇ ಬರಬೇಕು, ಕಣ್ಣೆದುರಿಗೇ ಹುರಿದು ಬೀಸಿದ್ದಾಗಿರಬೇಕು. ಕಾಫಿಯ ಮಾತು ಬಂದರೆ ಅವರು ತಪ್ಪದೆ ಹೇಳುವ ಕತೆಯೊಂದಿತ್ತು. ಕಾಲೇಜಿನಲ್ಲಿದ್ದಾಗ ಎಂಟುನೂರು ಮೀಟರ್ ಓಟದಲ್ಲಿ ಯೂನಿವರ್ಸಿಟಿ ತಂಡಕ್ಕೆ ಹೋಗಬೇಕಾದವರು, ಎದೆಯಗಲದಷ್ಟರಲ್ಲಿ ಮೂರನೆಯವರಾಗಿ ಉಳಿದುಬಿಟ್ಟರು. ಆ ಬೆಳಿಗ್ಗೆ ಹಾಸ್ಟೆಲಿನಲ್ಲಿ ಹಾಲು ಒಡೆದು ಕಾಫಿ ಸಿಕ್ಕಿರಲಿಲ್ಲ. "ಒಂದು ಲೋಟ ಕಾಫಿ ಬಿದ್ದಿದ್ರೆ ಹೊಟ್ಟೆಗೆ, ನನ್ನ ದಾರೀನೇ ಬೇರೆ ಆಗ್ತಿತ್ತು" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ.

೧೯೯೫ರ ಜೂನಿನಲ್ಲಿ, ಪ್ರಾರ್ಥನೆಗೆ ತಡವಾಗಿ ಬಂದ ಮಕ್ಕಳನ್ನು ಗೇಟಿನಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದಾಗ ಅವರಿಗೆ ರಾಜಾತಿ ಸಿಕ್ಕಳು. ಎಂಟನೇ ತರಗತಿ. ಕಡ್ಡಿಯಂಥ ಕಾಲು, ಮಂಡಿಯವರೆಗೆ ಕೆಂಪು ಮಣ್ಣು, ಎಣ್ಣೆಯಿಲ್ಲದ ಜಡೆ. ತಮಿಳಿನಲ್ಲಿ ಗದರಿಸಿದ್ದಕ್ಕೆ ಅವಳು ತಬ್ಬಿಬ್ಬಾಗಿ ಕನ್ನಡದಲ್ಲಿ ಉತ್ತರ ಕೊಟ್ಟುಬಿಟ್ಟಳು.

"ಎಂಟೂವರೆಗೇ ಮನೆಯಿಂದ ಒಂಟೆ ಸಾರ್. ಆಡು ಬುಟ್ಟು ಬರಾದು ಲೇಟಾಯ್ತು."

"ಎಂಟೂವರೆಗಾ? ಎಲ್ಲಿಂದ?"

"ಮ್ಯಾಲಿಂದ ಸಾರ್." ಅವಳು ಬೆಟ್ಟದ ಕಡೆ ಕೈ ತೋರಿಸಿದಳು.

ಪಾಲಮಲೆಯ ಮೇಲಿನ, ಕನ್ನಡ ಮನೆಮಾತಿನ ಊರುಗಳಿಗೆ ರಸ್ತೆ ಇರಲಿಲ್ಲ, ಕಾಲುದಾರಿ ಮಾತ್ರ. ದೊಡ್ಡ ಹುಡುಗರೇ ಇಳಿದು ಬರಲು ಎರಡು ಗಂಟೆ ಹಿಡಿಯುತ್ತಿದ್ದರು. ಈಗ ಒಂಬತ್ತೂ ಮುಕ್ಕಾಲು. ಮೇಷ್ಟರು ಅವಳ ಉಸಿರಾಟವನ್ನೇ ಗಮನಿಸಿದರು. ಏದುಸಿರು ಕೂಡ ಇರಲಿಲ್ಲ. ಆವತ್ತು ಸಂಜೆಯೇ ಅವಳನ್ನು ಮೈದಾನದಲ್ಲಿ ಓಡಿಸಿ ಸ್ಟಾಪ್ ವಾಚು ಒತ್ತಿದರು. ಮನೆಗೆ ಹೋಗಿ ಕಮಲಿನಿಗೆ, "ಇಪ್ಪತ್ತು ವರ್ಷ ಕಾದಿದ್ದಕ್ಕೆ ಒಂದು ಮಗು ಸಿಕ್ತು ಕಣೇ" ಎಂದರು.

ರಾಜಾತಿಯ ಅಪ್ಪ ಸಿದ್ದಪ್ಪ ಬೆಟ್ಟದ ಮೇಲೆ ರಾಗಿ, ಸಾಮೆ, ಹರಳು ಬೆಳೆಯುತ್ತಿದ್ದವನು. ಮಗಳು ಓಡುವುದರಲ್ಲಿ ಏನು ವಿಶೇಷ ಎಂದು ಅವನಿಗೆ ತಿಳಿಯಲಿಲ್ಲ. ಆದರೆ ಪೇಟೆಯ ಮೇಷ್ಟರು ತಮ್ಮ ಮಾತಿನಲ್ಲೇ ಮಾತಾಡಿದ್ದು ಅವನಿಗೆ ಹಿಡಿಸಿತು. "ನಿಮ್ ಕೈಗೆ ಆಕಿವ್ನಿ ಸಾರ್. ನಿಮ್ ಮಗಳಂಗೆ ನೋಡ್ಕಳಿ" ಎಂದು ಹೇಳಿ ಹೋದ.

ಮೈದಾನದಲ್ಲಿ ಬೇರೆ ಮಕ್ಕಳೆಲ್ಲ ತಮಿಳಿನವರು. ಮೇಷ್ಟರು ರಾಜಾತಿಗೆ ಮಾತ್ರ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು: ಈಗ ಹಿಂದೆ ಇರು, ಈಗ ಹೊರಗಡೆಯಿಂದ ಬಾ, ಈಗ ಬಿಡು. ಪಕ್ಕದ ಶಾಲೆಗಳ ಪಿ.ಟಿ. ಮೇಷ್ಟರುಗಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವರಿಬ್ಬರಿಗೂ ಅದೊಂದು ಖುಷಿ.

ಒಂದೇ ಒಂದು ತೊಂದರೆಯಿತ್ತು. ಕೊನೆಯ ಸುತ್ತಿನಲ್ಲಿ ಅವಳು ಸೋಲುತ್ತಿದ್ದಳು. ಬೆಳಿಗ್ಗೆ ಒಂದು ಬಟ್ಟಲು ರಾಗಿಗಂಜಿ ಕುಡಿದು ಬೆಟ್ಟ ಇಳಿದ ಮಗು, ಮಧ್ಯಾಹ್ನ ಶಾಲೆಯ ಊಟ, ಸಂಜೆ ಮತ್ತೆ ಬೆಟ್ಟ ಹತ್ತಬೇಕು. ಸೋಲದೆ ಇನ್ನೇನು? ಇದು ಮೇಷ್ಟರಿಗೆ ಆಮೇಲೆ ಹೊಳೆದ ಮಾತು. ಆಗ ಅವರು ನೋಡುತ್ತಿದ್ದದ್ದು ಸ್ಟಾಪ್ ವಾಚನ್ನು ಮಾತ್ರ.

ಮುಂದಿನ ಜನವರಿಯಲ್ಲಿ ಮೆಟ್ಟೂರಿನಲ್ಲಿ ಸುತ್ತಲಿನ ಶಾಲೆಗಳ ಪಂದ್ಯ. ಮಂಜು ಕವಿದಿತ್ತು. ರಾಜಾತಿ ಏನೂ ತಿನ್ನದೆ, ಚಳಿಗೆ ಹಲ್ಲು ಕಟಕಟ ಎನ್ನಿಸುತ್ತಾ ಕೂತಿದ್ದಳು. ಮೇಷ್ಟರು ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟರು.

"ಕಯ್ಯಿ ಸಾರ್" ಎಂದು ಮುಖ ಹಿಂಡಿದಳು.

"ಔಷಧಿ ಅಂದ್ಕೊಂಡು ಕುಡಿಯಮ್ಮ."

ಅರ್ಧ ಗಂಟೆಯ ಮೇಲೆ ಓಟ. ಕೊನೆಯ ಸುತ್ತಿನಲ್ಲಿ ಅವಳು ಸೋಲಲಿಲ್ಲ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದೆ ಹೋದಳು. ಗುರಿ ದಾಟಿದ ಮೇಲೂ ನಿಲ್ಲದೆ ಇನ್ನೊಂದು ಅರ್ಧ ಸುತ್ತು ಓಡಿ, ನಗುತ್ತಾ ಬಂದು, "ಇನ್ನೂ ಓಡ್ಬೋದು ಸಾರ್!" ಎಂದಳು. ರಘುಪತಿಗೆ ತಮ್ಮ ಕಾಲೇಜಿನ ಬೆಳಿಗ್ಗೆ ನೆನಪಾಯಿತು. ತಮ್ಮ ಮಾತು ನಿಜವಾಯಿತಲ್ಲ ಎಂದು ಹಿಗ್ಗಿದರು.

ಆವತ್ತಿನಿಂದ ಫ್ಲಾಸ್ಕು ದೊಡ್ಡದಾಯಿತು. ಪಂದ್ಯದ ದಿನ ಮಾತ್ರ ಎಂದು ಶುರುವಾದದ್ದು ಅಭ್ಯಾಸದ ದಿನಕ್ಕೂ ಬಂತು. ಹಾಲು ಹಾಕಿದರೆ ಹೊಟ್ಟೆ ಭಾರ ಎಂದು ಹಾಲು ನಿಂತಿತು. ಬರೀ ಡಿಕಾಕ್ಷನ್ನು, ಮೇಲೊಂದು ಚಮಚ ಸಕ್ಕರೆ. ಮೊದಲು ಅರ್ಧ ಮುಚ್ಚಳ, ಆಮೇಲೆ ಪೂರ್ತಿ, ಆಮೇಲೆ ಬೆಳಿಗ್ಗೆಯೊಂದು ಸಂಜೆಯೊಂದು. ಕೊಡದಿದ್ದರೆ ಅವಳೇ ಫ್ಲಾಸ್ಕಿನ ಕಡೆ ನೋಡುತ್ತಾ ನಿಲ್ಲುವ ಹಾಗಾಯಿತು.

ಒಂದು ಬೆಳಿಗ್ಗೆ ಎರಡನೇ ಸಲ ಡಿಕಾಕ್ಷನ್ ಇಳಿಸುವಾಗ ಕಮಲಿನಿ ಕೇಳಿದಳು: "ಇಷ್ಟು ಯಾರಿಗೆ?"

"ರಾಜಾತಿಗೆ."

"ತನ್ಮಯಿ ಒಂದು ಗುಟುಕು ಕೇಳಿದ್ರೆ ಮಕ್ಕಳಿಗೆ ಕಾಫಿ ಬೇಡ ಅಂತ ಕಣ್ಣು ಬಿಡ್ತೀರಿ. ಆ ಮಗೂಗೆ ಹೇಗೆ ಕೊಡ್ತೀರಿ? ತನ್ಮಯಿಗಿಂತ ಎರಡು ವರ್ಷ ದೊಡ್ಡವಳು ಅಷ್ಟೇ ಅಲ್ವಾ?"

"ಅವಳು ಬೆಟ್ಟದ ಹುಡುಗಿ ಕಣೇ. ಅವರ ಮೈ ಗಟ್ಟಿ. ನಿನಗೆ ಇದೆಲ್ಲ ಗೊತ್ತಾಗಲ್ಲ, ಬಿಡು."

ಕಮಲಿನಿ ಬಿಟ್ಟಳು. ಅವತ್ತು ಅವಳು ಬಿಡದೆ ಜಗಳವಾಡಿದ್ದರೆ ಎಂದು ರಘುಪತಿ ಎಷ್ಟೋ ಸಲ ಅಂದುಕೊಂಡದ್ದುಂಟು. ಮರುಕ್ಷಣ ಆ ಯೋಚನೆಗೆ ತಾವೇ ನಾಚಿಕೊಂಡದ್ದೂ ಉಂಟು.

ಕಂಡಿರಲಿಲ್ಲ ಎನ್ನುವ ಹಾಗಿಲ್ಲ. ಎಲ್ಲ ಕಣ್ಣೆದುರಿಗೇ ಇತ್ತು. ಓಟದ ಸಾಲಿನಲ್ಲಿ ನಿಂತಾಗ ಅವಳ ಬೆರಳು ನಡುಗುತ್ತಿದ್ದವು. ಉತ್ಸಾಹ ಎಂದುಕೊಂಡರು. ಮಧ್ಯಾಹ್ನದ ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟೇಳುತ್ತಿದ್ದಳು. ಮೈ ಹಗುರವಾಗುತ್ತೆ, ಒಳ್ಳೆಯದೇ ಎಂದುಕೊಂಡರು. ಸೋಮವಾರ ಬಂದರೆ, "ನಿನ್ನೆಯೆಲ್ಲ ತಲೆನೋವು ಸಾರ್, ಈಗ ಪರವಾಗಿಲ್ಲ" ಎನ್ನುತ್ತಿದ್ದಳು. ಭಾನುವಾರ ಕಾಫಿ ಇಲ್ಲದ್ದಕ್ಕೆ ಆ ತಲೆನೋವು ಎಂಬುದು ದಿನಕ್ಕೆ ಐದು ಲೋಟ ಕುಡಿಯುವ ಮನುಷ್ಯನಿಗೆ ತಿಳಿಯದ ಸಂಗತಿಯೇ? ಒಮ್ಮೆ ಅವಳ ಅವ್ವ ಮುನಿರತ್ನಮ್ಮ ಸಂತೆಗೆ ಇಳಿದವಳು ಶಾಲೆಗೂ ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು:

"ಮಗ ಮಲಗಾದೇ ಇಲ್ಲ ಸಾರ್. ಕಣ್ ಬುಟ್ಕಂಡು ಸೂರು ನೋಡ್ತಾ ಇರ್ತಾಳೆ. ಎದೆ ಬಡಬಡ ಅಂತೈತೆ ಅಂತಾಳೆ. ಯಾಕೋ ಬಯ ಆಯ್ತದೆ."

"ಪಂದ್ಯ ಹತ್ತಿರ ಬಂತಲ್ಲ ತಾಯಿ, ಅದರ ಯೋಚನೆ. ನಾನು ನೋಡ್ಕೋತೀನಿ" ಎಂದು ಕಳಿಸಿಬಿಟ್ಟರು.

೧೯೯೬ರ ನವೆಂಬರಿನಲ್ಲಿ ಸೇಲಂನಲ್ಲಿ ಜಿಲ್ಲಾ ಪಂದ್ಯ. ರಾಜಾತಿಗೆ ಹದಿನಾಲ್ಕು ತುಂಬಿತ್ತು, ಒಂಬತ್ತನೇ ತರಗತಿ. ಬೆಳಿಗ್ಗೆ ಸಾವಿರದ ಐನೂರು ಮೀಟರ್, ಮಧ್ಯಾಹ್ನ ಎಂಟುನೂರು. ಬೆಳಿಗ್ಗೆಯ ಓಟದಲ್ಲಿ ಅವಳು ಎರಡನೆಯವಳಾದಳು. ಮೇಷ್ಟರು ಇಡ್ಲಿ ತರಿಸಿಕೊಟ್ಟರು. ವಾಕರಿಕೆ ಬರುತ್ತದೆ ಎಂದು ಅವಳು ಮುಟ್ಟಲಿಲ್ಲ. ಆಗಲೇ ಎರಡು ಸಲ ಡಿಕಾಕ್ಷನ್ ಕುಡಿದಿದ್ದಳು. ಎಂಟುನೂರಕ್ಕೆ ಕರೆಯುವ ಮೊದಲು ಅವರು ಮೂರನೆಯ ಸಲ ಬಗ್ಗಿಸಿದರು, ಮುಚ್ಚಳದ ಅಂಚಿನವರೆಗೆ.

"ಬ್ಯಾಡ ಸಾರ್" ಎಂದಳು. ಹತ್ತು ತಿಂಗಳಲ್ಲಿ ಅವಳು ಬೇಡ ಎಂದದ್ದು ಅದೇ ಮೊದಲು.

"ಇದೊಂದೇ ಓಟ ರಾಜಾತಿ. ಇದಾದ್ಮೇಲೆ ಮದ್ರಾಸು, ರಾಜ್ಯದ ಪಂದ್ಯ. ಕುಡಿ ನನ್ನ ತಾಯಿ."

ಕುಡಿದಳು.

ಬಿಸಿಲಿತ್ತು. ಎರಡು ಸುತ್ತಿನ ಓಟದಲ್ಲಿ ಒಂದೂವರೆ ಸುತ್ತು ಅವಳೇ ಮುಂದಿದ್ದಳು. ಕೊನೆಯ ತಿರುವು ದಾಟಿದಾಗ ಮೇಷ್ಟರು ಕಟ್ಟೆಯ ಮೇಲೆ ನಿಂತು, "ಬಿಡು! ಈಗ ಬಿಡು!" ಎಂದು ಗಂಟಲು ಹರಿಯುವಂತೆ ಕೂಗಿದರು. ಅವಳು ಅವರ ಕಡೆ ತಿರುಗಿ ನೋಡಿದಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ನಾಲ್ಕು ಹೆಜ್ಜೆ ಹಾಗೇ ಬಂದು ಮುಖ ಅಡಿಯಾಗಿ ಸುಣ್ಣದ ಗೆರೆಯ ಮೇಲೆ ಬಿದ್ದಳು.

ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಕರೆದುಕೊಂಡು ಹೋದರು. ಅಲ್ಲಿದ್ದದ್ದು ಮೂವತ್ತರ ಆಸುಪಾಸಿನ ಒಬ್ಬ ಡಾಕ್ಟರಮ್ಮ. ಅಷ್ಟರಲ್ಲಿ ರಾಜಾತಿಗೆ ಎಚ್ಚರವಾಗಿತ್ತು. ಡಾಕ್ಟರಮ್ಮ ನಾಡಿ ಹಿಡಿದು ಗಡಿಯಾರ ನೋಡಿದರು, ಮತ್ತೆ ನೋಡಿದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಮಲಗಿದ್ದಾಗಲೂ ನಾಡಿ ನೂರೈವತ್ತರ ಮೇಲಿದೆ. ನಡುನಡುವೆ ತಪ್ಪುತ್ತಿದೆ. ಎದೆಯಲ್ಲಿ ಒಂದು ಸದ್ದೂ ಇದೆ" ಎಂದು ತಮಿಳಿನಲ್ಲಿ ಹೇಳಿ ಮೇಷ್ಟರ ಕಡೆ ತಿರುಗಿದರು. "ಈ ಮಗು ಏನಾದರೂ ಮಾತ್ರೆ ತಗೊಂಡಿದೆಯಾ? ಕಾಫಿ, ಟೀ ಜಾಸ್ತಿ ಕುಡಿಯುವ ಅಭ್ಯಾಸ ಇದೆಯಾ?"

ರಾಜಾತಿ ಹಾಸಿಗೆಯಿಂದ ಮೇಷ್ಟರ ಮುಖವನ್ನೇ ನೋಡುತ್ತಿದ್ದಳು.

ರಘುಪತಿಗೆ ಆ ಕ್ಷಣದಲ್ಲಿ ಏನೆಲ್ಲ ಕಾಣಿಸಿತೋ. ಹೆಡ್‌ಮಾಸ್ಟರರ ಮುಂದೆ ಕೈಕಟ್ಟಿ ನಿಲ್ಲುವುದು, ಬೆಟ್ಟದವರು ಶಾಲೆಗೆ ನುಗ್ಗುವುದು, ಕೆಲಸ ಹೋಗುವುದು. ಅವರು ಹಾಸಿಗೆಯ ಕಡೆ ಬಗ್ಗಿ, ಹಣೆ ಮುಟ್ಟಿ ಸಮಾಧಾನ ಹೇಳುವವರ ಹಾಗೆ, ಮೆಲ್ಲಗೆ ಕನ್ನಡದಲ್ಲಿ ಅಂದರು:

"ಕಾಫಿ ವಿಷಯ ಹೇಳಬೇಡ ಮಗು. ಯಾರಿಗೂ ಹೇಳಬೇಡ."

ಆಮೇಲೆ ನೆಟ್ಟಗೆ ನಿಂತು ತಮಿಳಿನಲ್ಲಿ ಡಾಕ್ಟರಮ್ಮನಿಗೆ ಹೇಳಿದರು: "ಎಲ್ಲರ ಹಾಗೆ, ಬೆಳಿಗ್ಗೆ ಒಂದು ಲೋಟ."

ಕನ್ನಡ ಬಾರದ ಡಾಕ್ಟರಮ್ಮ ಏನು ಹೇಳಿದಿರಿ ಎಂದು ಕೇಳಲೂ ಇಲ್ಲ. ಮಗುವಿಗೆ ಧೈರ್ಯ ಹೇಳಿದರೆಂದೇ ತಿಳಿದಿರಬೇಕು. ಹೃದಯದ ತೊಂದರೆ ಇರಬಹುದು, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲೇಬೇಕು, ಅಲ್ಲಿಯವರೆಗೆ ಓಟ ಬೇಡ, ಬೆಟ್ಟ ಹತ್ತುವುದು ಬೇಡ ಎಂದು ಬರೆದುಕೊಟ್ಟರು.

ಸಿದ್ದಪ್ಪ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮೆಟ್ಟೂರಿನ ಮನೆಯ ಬಾಗಿಲಿಗೆ ಬಂದ. "ಎದೆ ಕಾಯ್ಲೆ ಅಂದ್ರೆ ಏನ್ ಸಾರ್? ಉಟ್ಟಿದಾಗ್ನಿಂದ ಚೆನ್ನಾಗಿದ್ದ ಮಗ." ದೊಡ್ಡಾಸ್ಪತ್ರೆಗೆ ಹೋದರೆ ಎದೆ ಕುಯ್ಯುತ್ತಾರೆ ಎಂದು ಊರಿನಲ್ಲಿ ಯಾರೋ ಹೇಳಿದ್ದರು. ಕುಯಿಸಿಕೊಂಡವರು ಎದ್ದು ಬಂದಿಲ್ಲ ಎಂದು ಇನ್ನೊಬ್ಬರು ಹೇಳಿದ್ದರು. "ಕುಯ್ಯಾಕೆ ನಾ ಬುಡಾದಿಲ್ಲ ಸಾರ್. ಇರಾಷ್ಟ್ ದಿನ ಮನೇಲಿ ಕುಂತಿರ್ಲಿ, ನಮ್ ಕಣ್ ಮುಂದೆ."

ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ನಾನು ಜೊತೆಗೆ ಬರುತ್ತೇನೆ ಎಂದು ಮೇಷ್ಟರು ಒತ್ತಾಯಿಸಬಹುದಿತ್ತು. ಅದಕ್ಕಿಂತ ಸುಲಭವಾಗಿ, ಒಂದು ಮಾತು ಹೇಳಬಹುದಿತ್ತು. ಅವರು, "ನಿಮ್ಮಿಷ್ಟ ಸಿದ್ದಪ್ಪ" ಎಂದರು. ಅವನು ಬೀದಿಯ ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದರು. ಒಳಗೊಳಗೆ ಅವರಿಗೆ ಹಾಯೆನಿಸಿತ್ತು. ಅದನ್ನು ನೆನೆದರೆ ಅವರಿಗೆ ಇವತ್ತಿಗೂ ಮೈ ಮುದುರುತ್ತದೆ.

ರಾಜಾತಿ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಬೆಟ್ಟದ ಮಕ್ಕಳನ್ನು ಕೇಳಿದರೆ, "ಮನೇಲಿ ಕುಂತವಳೆ ಸಾರ್" ಎನ್ನುತ್ತಿದ್ದರು. ಮೇಷ್ಟರು ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಫ್ಲಾಸ್ಕನ್ನು ಶಾಲೆಗೆ ತರುವುದು ನಿಲ್ಲಿಸಿದರು. ಪಂದ್ಯಗಳಿಗೆ ಮಕ್ಕಳನ್ನು ತಯಾರು ಮಾಡುವುದೂ ನಿಂತಿತು. ಡ್ರಿಲ್ಲು ಮಾಡಿಸಿ, ವಿಷಲ್ಲು ಊದಿ, ಮಧ್ಯಾಹ್ನ ಮೂರೂವರೆಗೆ ಬಸ್ಸು ಹಿಡಿಯುತ್ತಿದ್ದರು. ಹೀಗೆ ಒಂದು ವರ್ಷ ಕಳೆಯಿತು.

೧೯೯೮ರ ಜನವರಿಯಲ್ಲಿ ಒಂದು ಸಂಜೆ, ಪರೀಕ್ಷೆಗೆ ಓದುತ್ತಿದ್ದ ತನ್ಮಯಿ ಅಡಿಗೆಮನೆಯಿಂದ ಒಂದು ಲೋಟ ಕಾಫಿ ತಂದುಕೊಂಡಳು. "ನಿದ್ದೆ ಬರುತ್ತೆ ಅಪ್ಪಾ, ಕ್ಲಾಸಲ್ಲಿ ಎಲ್ಲಾರೂ ಕುಡೀತಾರೆ" ಎಂದಳು. ರಘುಪತಿಗೆ ತಾವು ಎದ್ದದ್ದೇ ತಿಳಿಯಲಿಲ್ಲ. ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡ ರಭಸಕ್ಕೆ ಬಿಸಿ ಕಾಫಿ ಅವರ ಮುಂಗೈ ಮೇಲೆ ಚೆಲ್ಲಿತು. ಹುಡುಗಿ ಹೆದರಿ ಗೋಡೆಗೆ ಒತ್ತಿ ನಿಂತಳು. ಬಾಗಿಲಲ್ಲಿ ಕಮಲಿನಿ ನಿಂತಿದ್ದಳು. ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಮರುದಿನ ಅವರು ರಜೆ ಹಾಕಿ ಸೇಲಂಗೆ ಹೋದರು. ಡಾಕ್ಟರಮ್ಮನಿಗೆ ಅವರ ಗುರುತು ಹತ್ತಲಿಲ್ಲ. ಓಡುವಾಗ ಬಿದ್ದ ಹುಡುಗಿ ಎಂದ ಮೇಲೆ ನೆನಪಾಯಿತು. ರಘುಪತಿ ಎಲ್ಲ ಹೇಳಿದರು. ಎಷ್ಟು ಮುಚ್ಚಳ, ದಿನಕ್ಕೆ ಎಷ್ಟು ಸಲ, ಆವತ್ತು ಎಷ್ಟು. ಕನ್ನಡದಲ್ಲಿ ಏನು ಹೇಳಿದ್ದರು ಎಂಬುದನ್ನೂ ಹೇಳಿದರು.

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲಿಟ್ಟರು.

"ನಿಮಗೂ ನನಗೂ ಅಭ್ಯಾಸವಾಗಿರುತ್ತೆ ಸಾರ್, ದೊಡ್ಡ ಮೈ ತಡೆಯುತ್ತೆ. ಅವಳ ತೂಕ ಮೂವತ್ತೈದು ಕಿಲೋ ಇರಲಿಲ್ಲ. ಅಷ್ಟು ಡಿಕಾಕ್ಷನ್ನು, ಖಾಲಿ ಹೊಟ್ಟೆ, ಬಿಸಿಲು, ಓಟ. ಎದೆ ಹಾರದೆ ಏನು ಮಾಡುತ್ತೆ? ನಿದ್ದೆ ಇಲ್ಲ, ಹಸಿವು ಇಲ್ಲ. ಊಟದ ಜೊತೆ ಹಿಂದೆಮುಂದೆ ಕಾಫಿ ಬಿದ್ದರೆ ಸೊಪ್ಪಿನಲ್ಲಿ ಧಾನ್ಯದಲ್ಲಿ ಇರುವ ಕಬ್ಬಿಣದ ಅಂಶವೂ ಮೈಗೆ ಹತ್ತಲ್ಲ. ಕಣ್ಣು ಬಿಳಿಚಿಕೊಂಡಿತ್ತು, ನಾನು ಬರೆದಿದ್ದೆ. ರಕ್ತ ತೀರಾ ಕಮ್ಮಿಯಾದರೂ ಎದೆಯಲ್ಲಿ ಅಂಥ ಸದ್ದು ಕೇಳುತ್ತೆ."

"ಹಾಗಾದರೆ ಅವಳ ಹೃದಯ?"

"ನೋಡದೆ ಹೇಳಲಾರೆ. ಚೆನ್ನಾಗಿಯೇ ಇರಬಹುದು." ಮತ್ತೆ ಅವರೇ ಅಂದರು: "ಅವತ್ತು ನೀವು ನಿಜ ಹೇಳಿದ್ದರೆ ಎರಡೇ ಸಾಲು ಬರೆದು ಕಳಿಸುತ್ತಿದ್ದೆ. ಕಾಫಿ ನಿಲ್ಲಿಸಿ, ಊಟ ಕೊಡಿ, ಈ ಮಾತ್ರೆ ಕೊಡಿ ಅಂತ. ಮಗು ಒಂದೆರಡು ತಿಂಗಳಲ್ಲಿ ಎದ್ದು ಓಡುತ್ತಿತ್ತು."

ಆ ಭಾನುವಾರ ರಘುಪತಿ ಪಾಲಮಲೆ ಹತ್ತಿದರು. ಎರಡೂವರೆ ವರ್ಷ ಆ ಬೆಟ್ಟದ ಬುಡದಲ್ಲಿ ಕೆಲಸ ಮಾಡಿದ್ದವರು ಮೇಲಕ್ಕೆ ಹೋದದ್ದು ಅದೇ ಮೊದಲು. ಕಲ್ಲು, ಬೇರು, ಉರುಳುವ ಜಲ್ಲಿ. ದಾರಿಯಲ್ಲಿ ಆರು ಕಡೆ ಕೂತರು. ಈ ದಾರಿಯನ್ನು ದಿನಾ ಎರಡು ಸಲ ತುಳಿಯುತ್ತಿದ್ದ ಮಗುವಿಗೆ ಬಲ ಬರಲೆಂದು ತಾವು ಕೊಟ್ಟದ್ದೇನು ಎಂದು ನೆನೆದು ಅವರಿಗೆ ಕಣ್ಣು ಕತ್ತಲಿಟ್ಟಿತು.

ಸಿದ್ದಪ್ಪನ ಮನೆಯ ಮುಂದಿನ ಕಟ್ಟೆಯ ಮೇಲೆ ರಾಜಾತಿ ಹರಳು ಬಿಡಿಸುತ್ತಾ ಕೂತಿದ್ದಳು. ಮೈ ತುಂಬಿಕೊಂಡು, ಮುಖ ಊದಿ, ಹದಿನೈದಕ್ಕೇ ಹೆಂಗಸಿನ ಹಾಗೆ ಕಾಣುತ್ತಿದ್ದಳು. ಅವಳ ತಂಗಿ ಒಂಬತ್ತು ವರ್ಷದವಳು ಕೊಡ ಹೊತ್ತು ಬಂದಳು. ನೀರು, ಸೌದೆ, ಆಡು, ಯಾವುದಕ್ಕೂ ರಾಜಾತಿಯನ್ನು ಏಳಿಸುತ್ತಿರಲಿಲ್ಲವಂತೆ. ಮನೆಯಿಂದ ಬಾವಿಯವರೆಗೆ ಕೂಡ ನಡೆಸುತ್ತಿರಲಿಲ್ಲವಂತೆ. ಮೇಷ್ಟರನ್ನು ಕಂಡು ಅವಳು ಎದ್ದು ನಿಂತಳು. ನಿಂತ ತಕ್ಷಣ ಕೈ ತಾನಾಗಿ ಎದೆಯ ಮೇಲೆ ಹೋಯಿತು.

ಮುನಿರತ್ನಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ರಘುಪತಿ ಮಜ್ಜಿಗೆಯನ್ನು ಪಕ್ಕಕ್ಕಿಟ್ಟು, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಡಾಕ್ಟರಮ್ಮನಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ತಮಿಳಿನಲ್ಲಾದರೆ ಸ್ವಲ್ಪ ಮರೆ ಇರುತ್ತಿತ್ತೇನೋ. ಇಲ್ಲಿ ಒಂದೊಂದು ಮಾತೂ ತಮ್ಮ ತಾಯಿಯ ಮುಂದೆ ಒಪ್ಪಿಕೊಂಡ ಹಾಗಿತ್ತು.

ಸಿದ್ದಪ್ಪ ಕೈಯಲ್ಲಿದ್ದ ಹರಳಿನ ಬೀಜವನ್ನು ಉಜ್ಜುತ್ತಲೇ ಇದ್ದ. ಆಮೇಲೆ ಕೇಳಿದ:

"ಅಂಗಾರೆ ನಮ್ಮೆಣ್ಗೆ ಏನೂ ಇರ್ಲಿಲ್ವಾ ಸಾರ್?"

"ಇರಲಿಲ್ಲ ಅನ್ಸುತ್ತೆ ಸಿದ್ದಪ್ಪ. ಟೆಸ್ಟು ಮಾಡಿಸೋಣ. ತಪ್ಪು ನನ್ನದು."

"ಒಂದ್ ಮಾತು ಸಾರ್. ಅವತ್ತು ನಿಮ್ ಬಾಗ್ಲಿಗ್ ಬಂದ್ನಲ್ಲ, ಒಂದ್ ಮಾತ್ ಏಳಿದ್ರೆ ಆಗಿತ್ತು." ಅವನ ದನಿ ಏರಲಿಲ್ಲ. "ನಾನೇ ಕೂರಿಸ್ಬುಟ್ನಲ್ಲ ಸಾರ್. ಏಳ್ಬ್ಯಾಡ ಏಳ್ಬ್ಯಾಡ ಅಂತ ವರ್ಸಗಂಟ್ಲೆ ಇಡ್ಕಂಡ್ ಕೂರಿಸ್ಬುಟ್ನಲ್ಲ."

ಮುನಿರತ್ನಮ್ಮ ಮಗಳ ಕಡೆ ತಿರುಗಿ ಗದರಿದಳು: "ನೀನಾರಾ ಏಳ್ಬಾರ್ದಿತ್ತೇನೇ? ದಿನಾ ಕುಡೀತಿದ್ದೆ ಅಂತ?"

ರಾಜಾತಿ ತಲೆ ಬಗ್ಗಿಸಿಕೊಂಡೇ ಅಂದಳು: "ಸಾರ್ ಯಾರ್ಗೂ ಏಳ್ಬ್ಯಾಡ ಅಂದಿದ್ರು."

ರಘುಪತಿಗೆ ಸಿದ್ದಪ್ಪ ಕೊರಳಪಟ್ಟಿ ಹಿಡಿದು ಎಳೆದಾಡಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಒಂದು ವರ್ಷ ಎರಡು ತಿಂಗಳು, ಸಾಯುತ್ತೇನೆಂದು ನಂಬಿಕೊಂಡು ಆ ಕಟ್ಟೆಯ ಮೇಲೆ ಕೂತಿದ್ದ ಮಗು ಮೇಷ್ಟರ ಮಾತು ಮೀರಿರಲಿಲ್ಲ.

ಮುಂದಿನ ವಾರ ಸಿದ್ದಪ್ಪ ಮಗಳನ್ನು ಕರೆದುಕೊಂಡು ಇಳಿದ. ಸೇಲಂನಲ್ಲಿ ಡಾಕ್ಟರಮ್ಮ ತಾವೇ ಮುಂದೆ ನಿಂತು ಎದೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಹೃದಯ ಗಟ್ಟಿಮುಟ್ಟಾಗಿತ್ತು. ಸದ್ದು ಹೋಗಿತ್ತು. ರಕ್ತ ಇನ್ನೂ ಸ್ವಲ್ಪ ಕಮ್ಮಿ ಎಂದು ಮಾತ್ರೆ ಕೊಟ್ಟರು. "ಓಡಬಹುದು, ಹತ್ತಬಹುದು, ಏನು ಬೇಕಾದರೂ ಮಾಡಬಹುದು" ಎಂದು ಅವಳ ಬೆನ್ನು ತಟ್ಟಿದರು. ರಾಜಾತಿ ತಲೆಯಾಡಿಸಿದಳು.

ಆದರೆ ನಂಬಲಿಲ್ಲ. ನಂಬಲು ಅವಳಿಂದ ಆಗಲಿಲ್ಲ. ಹೆಡ್‌ಮಾಸ್ಟರ್ ಲಕ್ಷ್ಮಣನ್ ಒಳ್ಳೆಯವರು. ಮೇಷ್ಟರು ಅವರ ಮುಂದೆಯೂ ತಪ್ಪೊಪ್ಪಿ ಬರೆದುಕೊಟ್ಟ ಮೇಲೆ, ಬಹಳ ಹೊತ್ತು ಬೈದು, ಹುಡುಗಿಯನ್ನು ಮತ್ತೆ ಒಂಬತ್ತನೇ ತರಗತಿಗೆ ಸೇರಿಸಿಕೊಂಡರು. ಮೇಷ್ಟರು ಬೆಳಿಗ್ಗೆ ಅರ್ಧ ಬೆಟ್ಟದವರೆಗೆ ಹತ್ತಿ ಒಂದು ಕಲ್ಲಿನ ಹತ್ತಿರ ಅವಳಿಗಾಗಿ ಕಾಯುತ್ತಿದ್ದರು. ಅಷ್ಟು ದೂರ ಇಳಿಯುವಷ್ಟರಲ್ಲಿ ಅವಳು ನಾಲ್ಕು ಸಲ ಕೂತಿರುತ್ತಿದ್ದಳು. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡರೆ ಸಾಕು, ಮುಖ ಬಿಳಿಚಿಕೊಂಡು ಕಲ್ಲು ಹಿಡಿದುಕೊಳ್ಳುತ್ತಿದ್ದಳು. ರಘುಪತಿ ಅವಳ ಮಣಿಕಟ್ಟು ಅವಳ ಕೈಗೇ ಹಿಡಿಸಿ, ಸ್ಟಾಪ್ ವಾಚು ತೋರಿಸಿ ಎಣಿಸಿದರು. "ನೋಡು, ನೂರಿಪ್ಪತ್ತು. ಎರಡು ನಿಮಿಷ ಆಯ್ತು, ನೋಡು, ತೊಂಬತ್ತು. ತಾನೇ ಇಳೀತು. ನನ್ನದೂ ಹೀಗೇ ಹೊಡ್ಕೊಳ್ಳುತ್ತೆ, ಹಿಡಿದು ನೋಡು. ಎಲ್ಲಾರದ್ದೂ ಹೀಗೇ ರಾಜಾತಿ."

"ಊ ಸಾರ್" ಎನ್ನುತ್ತಿದ್ದಳು, ಅವರಿಗೆ ಬೇಸರವಾಗಬಾರದೆಂದು. ಕೂತಲ್ಲಿಂದ ಬೇಗ ಏಳುತ್ತಿರಲಿಲ್ಲ.

ಮೂರು ವಾರ ಬಂದಳು. ತನಗಿಂತ ಚಿಕ್ಕವರ ನಡುವೆ, ಹಿಂದಿನ ಬೆಂಚಿನಲ್ಲಿ. ಆಮೇಲೆ ಒಂದು ಬೆಳಿಗ್ಗೆ ಮೇಷ್ಟರು ಆ ಕಲ್ಲಿನ ಹತ್ತಿರ ಕಾದದ್ದೇ ಬಂತು. ಅವಳ ತಂಗಿ ಮಾತ್ರ ಇಳಿದು ಬಂದು, "ಅಕ್ಕ ಬರಾದಿಲ್ಲವಂತೆ ಸಾರ್. ನಿಮ್ಗೆ ಕಾಯ್ಬ್ಯಾಡಿ ಅಂತ ಏಳಿ ಕಳ್ಸವಳೆ" ಎಂದಳು.

ಆ ಜೂನಿನಲ್ಲಿ ರಘುಪತಿಗೆ ಹರೂರಿಗೆ ವರ್ಗವಾಯಿತು. ಅಲ್ಲಿ ಅವರು ಮತ್ತೆ ಓಟ ಕಲಿಸಲು ಹೋಗಲಿಲ್ಲ. ಮಕ್ಕಳ ತಾಯಂದಿರು ಶಾಲೆಗೆ ಬಂದಾಗ, ಬೆಳಿಗ್ಗೆ ಏನು ಕೊಟ್ಟು ಕಳಿಸುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಬರೀ ಕಾಫಿ ಎಂದವರ ಹತ್ತಿರ, "ಬೇಡ ತಾಯಿ, ಗಂಜಿ ಕೊಡಿ, ಮೊಟ್ಟೆ ಕೊಡಿ" ಎಂದು ಬೇಡಿಕೊಳ್ಳುವಂತೆ ಹೇಳುತ್ತಿದ್ದರು. ಪಿ.ಟಿ. ಮೇಷ್ಟರಿಗೆ ಕಾಫಿಯ ಹುಚ್ಚು ವೈರಾಗ್ಯ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು.

೧೯೯೯ರ ಕೊನೆಯಲ್ಲಿ ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಪ್ಪ ಕಂಡ. ಮೇಷ್ಟರು ಹಿಂಜರಿದು ನಿಂತರು. ಅವನೇ ಹತ್ತಿರ ಬಂದು, ಹಳೆಯದು ಯಾವುದನ್ನೂ ಎತ್ತದೆ ಊರಿನ ಸುದ್ದಿ ಹೇಳಿದ. ಮೇಲೆ ಬೆಟ್ಟದ ಊರಿನಲ್ಲಿ ಒಂದು ಬಾಲವಾಡಿ ಆಗಿದೆ, ರಾಜಾತಿ ಅದರಲ್ಲಿ ಆಯಾ. ಅಡುಗೆ ಮಾಡುತ್ತಾಳೆ, ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಹತ್ತನೇ ತರಗತಿ ಪ್ರೈವೇಟಾಗಿ ಕಟ್ಟಿದ್ದಾಳೆ.

"ಕೊಡ ಒರ್ತಾಳಾ ಸಿದ್ದಪ್ಪ? ಬಾವಿಗೆ ಹೋಗ್ತಾಳಾ?" ಎಂದು ರಘುಪತಿ ಆಸೆಯಿಂದ ಕೇಳಿದರು. ಅವರಿಗೇ ತಿಳಿಯದೆ ಬಾಯಿಗೆ ಅವನ ಮಾತು ಬಂದಿತ್ತು.

"ಓಯ್ತಾಳೆ ಸಾರ್. ಈಗ ಮೆತ್ತಮೆತ್ತಗೆ ಎಲ್ಲಾ ಮಾಡ್ತಾಳೆ. ಮಕ್ಕಳಂದ್ರೆ ಪ್ರಾಣ ಅವಳ್ಗೆ." ಸಿದ್ದಪ್ಪ ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ಅಂದ: "ಒಂದೇ ಸಾರ್. ಮಕ್ಕಳನ್ನ ಓಡಾಕ್ ಬುಡಾದಿಲ್ಲ. ಯಾವ್ ಮಗ ಓಡಿದ್ರೂ ಓಗಿ ಇಡ್ಕಂಡ್ ಬಂದು ಕೂರಿಸ್ಬುಡ್ತಾಳೆ. ಎದೆ ಮ್ಯಾಲೆ ಕೈ ಇಟ್ಟು ನೋಡ್ತಾಳೆ. ನಾವು ಏಳಿ ಏಳಿ ಸಾಕಾಯ್ತು."

ಮೆಟ್ಟೂರಿನ ಬಸ್ಸು ಬಂತು. ಸಿದ್ದಪ್ಪ "ಬರ್ತೀನಿ ಸಾರ್" ಎಂದು ಹತ್ತಿಕೊಂಡ. ರಘುಪತಿ ಮೇಷ್ಟರು ಕೈ ಎತ್ತಲು ಹೋದರು, ಎತ್ತಲಾಗಲಿಲ್ಲ. ಬಸ್ಸು ಹೊರಟು ಹೋದ ಮೇಲೂ ಜನ ತಳ್ಳಿಕೊಂಡು ಓಡಾಡುತ್ತಿದ್ದ ಆ ಜಾಗದಲ್ಲೇ ನಿಂತಿದ್ದರು. ಹರೂರಿನ ಬಸ್ಸಿನ ಕಂಡಕ್ಟರು ಎರಡು ಸಲ ಕೂಗಿದ್ದು ಅವರಿಗೆ ಕೇಳಿಸಲಿಲ್ಲ.